ಕಿಟಕಿ ಪಕ್ಕದ ಮಂಚದ ಪರದೆ

ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಸೂಜಿ ಹಾಕುವಾಗ ಪರದೆ ಎಳೆಯುವ ಪದ್ಧತಿ ಇರಲಿಲ್ಲ. ಪರದೆಗಳಿದ್ದವು. ಬಟ್ಟೆ ಬದಲಿಸುವಾಗ, ಡಾಕ್ಟರು ಹೊಟ್ಟೆ ಬೆನ್ನು ನೋಡುವಾಗ ಎಳೆಯುತ್ತಿದ್ದೆವು. ಸೂಜಿ ಹಾಕುವುದು ತೋಳಿಗೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೂ ಕಿಟಕಿ ಪಕ್ಕದ ಮಂಚದ ಪರದೆ ಮಾತ್ರ, ಒಬ್ಬ ಪೇಷೆಂಟು ಬಂದ ದಿನಗಳಲ್ಲೆಲ್ಲ, ಸೂಜಿ ಹಾಕಿ ಮುಗಿಯುವವರೆಗೆ ಮುಚ್ಚಿರುತ್ತಿತ್ತು. ಒಳಗೆ ನಮ್ಮ ಹಿರಿಯ ಟೆಕ್ನೀಷಿಯನ್ ಮತ್ತು ಆತ. ಹೊರಗೆ ನಾನು, ಕೈಗಡಿಯಾರ ನೋಡಿಕೊಳ್ಳುತ್ತ.

ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ನಾನು ಈ ಕೇಂದ್ರದ ಇನ್‌ಚಾರ್ಜ್ ಸಿಸ್ಟರ್ ಆಗಿ ಸೇರಿದ್ದೆ. ಜಯನಗರದ ಒಂದು ಒಳರಸ್ತೆಯಲ್ಲಿ, ಹಳೆಯ ಮನೆಯೊಂದನ್ನು ಒಡೆದು ಕಟ್ಟಿದ ಕಟ್ಟಡದ ನೆಲಮಹಡಿಯಲ್ಲಿ ಒಂದು ಟ್ರಸ್ಟು ಅದನ್ನು ನಡೆಸುತ್ತದೆ. ಮೂತ್ರಪಿಂಡ ಕೈಕೊಟ್ಟವರು ದಿನ ಬಿಟ್ಟು ದಿನ ಬರುತ್ತಾರೆ, ನಾಲ್ಕು ಗಂಟೆ ಮಲಗುತ್ತಾರೆ, ಮಿಷಿನ್ನು ರಕ್ತ ತೊಳೆದು ಕೊಡುತ್ತದೆ. ಬನಶಂಕರಿಯ ನನ್ನ ಮನೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದರೆ ಕೇಂದ್ರದ ಬೀಗ ತೆಗೆಯುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದೆ. ಇವತ್ತಿಗೂ ಹಾಗೆಯೇ.

ಟ್ರಸ್ಟಿನ ಆಡಳಿತ ಮಂಡಳಿಯವರು ನನ್ನನ್ನು ಕರೆದದ್ದು ಶಿಸ್ತಿಗಾಗಿ. ಶಿಸ್ತು ನನಗೆ ಬರುತ್ತದೆ. ನಾನು ಕಲಿತ ನರ್ಸಿಂಗ್ ಹಾಸ್ಟೆಲಿನಲ್ಲಿ ಹಾಸಿಗೆಯ ಮೂಲೆ ಸರಿಯಾಗಿ ಮಡಚಿಲ್ಲವೆಂದರೆ ಅವತ್ತು ತಿಂಡಿ ತಡ. ಕಲಿಸುವುದಕ್ಕೂ ಅಲ್ಲಿ ಒಂದು ಕ್ರಮವಿತ್ತು. ಸೀನಿಯರ್ ಮಾಡಬೇಕು, ಜೂನಿಯರ್ ನೋಡಬೇಕು. ಮಾರನೆಯ ದಿನ ಜೂನಿಯರ್ ಮಾಡಬೇಕು, ಸೀನಿಯರ್ ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು. ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡಲು ಮನುಷ್ಯನಿಗೆ ಬೇರೊಂದು ಕಾರಣ ಬೇಕು ಎನ್ನುವುದೇ ನಮಗೆ ಹೊಳೆದಿರಲಿಲ್ಲ. ಕೈ ತೊಳೆಯಲು ಕಾರಣ ಕೇಳುತ್ತೇವೆಯೇ?

ಕಿಟಕಿ ಪಕ್ಕದ ಮಂಚದವರು ಸಿದ್ದಾಪುರದಲ್ಲಿ ಗಂಡಸರ ಬಟ್ಟೆ ಹೊಲಿಯುವ ಟೈಲರು. ನಲವತ್ತು ದಾಟಿದ್ದ, ತಮಾಷೆಯ ಮನುಷ್ಯ. ಡಯಾಲಿಸಿಸ್ ಮಾಡುವವರ ತೋಳಿನಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಸೇರಿಸಿರುತ್ತಾರೆ. ಅದನ್ನು ಫಿಸ್ಟುಲಾ ಎನ್ನುತ್ತೇವೆ. ಅಲ್ಲಿ ನಾಳ ಉಬ್ಬಿ, ಗಟ್ಟಿಯಾಗಿ, ದಪ್ಪ ಸೂಜಿ ತಡೆಯುವಂತಾಗುತ್ತದೆ. ಮುಟ್ಟಿದರೆ ಬೆಕ್ಕಿನ ಗಂಟಲಿನ ಹಾಗೆ ಗುರುಗುಟ್ಟುತ್ತದೆ. ಟೈಲರ ಬಲಗೈ ಫಿಸ್ಟುಲಾ ಬೇರೊಂದು ಆಸ್ಪತ್ರೆಯಲ್ಲಿದ್ದಾಗಲೇ ಹೆಪ್ಪುಗಟ್ಟಿ ಸತ್ತುಹೋಗಿತ್ತು. ಉಳಿದದ್ದು ಎಡಗೈ. ಅದರಲ್ಲಿ ನಾಳ ಆಳದಲ್ಲಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಅದೂ ಹೋದರೆ ಕುತ್ತಿಗೆಯಲ್ಲಿ ನಳಿಗೆ ಇಟ್ಟುಕೊಂಡು ಬದುಕಬೇಕು, ಸೋಂಕಿನ ಭಯದಲ್ಲಿ. ಇದು ಅವರಿಗೆ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು.

ಆ ಕೈಗೆ ಸೂಜಿ ಹಾಕಲು ಬರುತ್ತಿದ್ದದ್ದು ಒಬ್ಬರಿಗೇ. ಜರಗನಹಳ್ಳಿಯಲ್ಲಿ ಹುಟ್ಟಿ ಬೆಳೆದ ಐವತ್ತರ ಆಸುಪಾಸಿನ ಹಿರಿಯ ಟೆಕ್ನೀಷಿಯನ್. ಪೇಷೆಂಟುಗಳಿಗೆಲ್ಲ ಆತ ಅಣ್ಣ. 'ಅಣ್ಣನ ಕೈಗುಣ' ಎನ್ನುವುದು ನಮ್ಮ ಕೇಂದ್ರದ ಮಂತ್ರ. ಯುಗಾದಿಗೆ ಒಬ್ಬಟ್ಟು, ಸಂಕ್ರಾಂತಿಗೆ ಎಳ್ಳು, ಮಗಳ ಮದುವೆಯ ಮೊದಲ ಪತ್ರಿಕೆ, ಎಲ್ಲ ಅಣ್ಣನಿಗೆ. ಆ ಕೈಯಲ್ಲಿ ಸೂಜಿ ಹಾಕಿಸಿಕೊಂಡರೆ ನೋವೇ ಇಲ್ಲ ಎಂದು ವಾದಿಸುವವರಿದ್ದರು. ನೋವಿರುತ್ತಿತ್ತು. ನಾನು ಮುಖಗಳನ್ನು ನೋಡಿದ್ದೇನೆ.

ಕಿರಿಯ ಟೆಕ್ನೀಷಿಯನ್ ಗದಗದ ಕಡೆಯ ಹುಡುಗಿ. ಓದು ಮುಗಿಸಿ ಬಂದು, ಬಿ.ಟಿ.ಎಂ. ಲೇಔಟಿನಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಕೋಣೆ ಹಿಡಿದಿದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ನೇರ. ಪೇಷೆಂಟುಗಳು ಅವಳನ್ನು ಸುಲಭಕ್ಕೆ ಒಪ್ಪಲಿಲ್ಲ.

"ಏನಮ್ಮ, ನಿಮ್ಮೂರಲ್ಲಿ ಜೋಳದ ಚೀಲ ಹೊಲಿಯೋ ದಬ್ಬಳ ಇದೇನಾ?" ಎಂದು ಒಬ್ಬರು ನಿವೃತ್ತ ಅಧಿಕಾರಿ ಸೂಜಿ ನೋಡಿ ಕೆಣಕಿದರು.

"ಹೌದ್ರಿ ಅಂಕಲ್. ಚೀಲ ಸುಮ್ನ ಕುಂದರ್ತೈತ್ರಿ, ನಿಮ್ಹಂಗ ಒದರಂಗಿಲ್ಲ," ಎಂದಳು. ಪಕ್ಕದ ಮಂಚಗಳವರೆಲ್ಲ ನಕ್ಕರು. ಆ ದಿನದಿಂದ ಆ ಅಧಿಕಾರಿಯೂ, ನಿಧಾನಕ್ಕೆ ಉಳಿದವರೂ ಅವಳ ಕೈಗೆ ತೋಳು ಕೊಟ್ಟರು.

ಟೈಲರು ಮಾತ್ರ ಕೊಡಲಿಲ್ಲ. "ಬೇಜಾರು ಮಾಡ್ಕೋಬೇಡಮ್ಮ. ಇರೋದೊಂದೇ ಕೈ. ಅಣ್ಣ ಬರ್ಲಿ." ಅಣ್ಣ ಬರುತ್ತಿದ್ದರು, ಪರದೆ ಎಳೆಯುತ್ತಿದ್ದರು. ಅವಳು ಒಳಗೆ ಇಣುಕಿದರೆ, "ಆ ಮೂರನೇ ಮಿಷಿನ್ ಅಲಾರಾಂ ಹೊಡೀತಿದೆ ನೋಡೋಗು" ಎನ್ನುತ್ತಿದ್ದರು. ಹೋದರೆ ಅಲ್ಲಿ ಅಲಾರಾಂ ಇರುತ್ತಿರಲಿಲ್ಲ.

ನಾನು ಎರಡು ಸಲ ಹೇಳಿದೆ. "ಅವಳನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ."

"ನಿಲ್ಲಿಸ್ಕೋತೀನಿ ಸಿಸ್ಟರ್, ಯಾಕಿಲ್ಲ. ಆದ್ರೆ ಇದೆಲ್ಲ ನೋಡಿ ಬರೋದಲ್ಲ. ಕೈಯಲ್ಲೇ ಬರಬೇಕು."

ಒಮ್ಮೆ ಅವರ ತಮ್ಮನ ಮಗಳ ಮದುವೆ ಬಂತು. ಅಣ್ಣ ರಜೆ ಹಾಕಿದರು. ಟೈಲರು ಬಂದ ದಿನ ಬೇರೆ ದಾರಿ ಇರಲಿಲ್ಲ. ಹಿಂದಿನ ವಾರವೇ ಮೈಯಲ್ಲಿ ನೀರು ತುಂಬಿ ಮುಖ ಊದಿತ್ತು, ಬಿಡುವಂತಿರಲಿಲ್ಲ. ಡ್ಯೂಟಿ ಡಾಕ್ಟರು ನಿಂತು ಹುಡುಗಿಯ ಕೈಯಲ್ಲೇ ಹಾಕಿಸಿದರು. ಟೈಲರು ಒಂದು ಮಾತೂ ಆಡದೆ, ತಲೆ ಆಚೆ ತಿರುಗಿಸಿ ಮಲಗಿದ್ದರು. ಮೊದಲ ಸೂಜಿ ಸರಿ ಹೋಯಿತು. ಎರಡನೆಯದು ನಾಳದ ಆಚೆ ಗೋಡೆಯನ್ನೂ ದಾಟಿತು. ಮಿಷಿನ್ನು ಶುರುವಾದೊಡನೆ ತೋಳು ನಮ್ಮ ಕಣ್ಣೆದುರಿಗೇ ಹಲಸಿನಕಾಯಿಯಂತೆ ಊದಿಕೊಂಡಿತು. ಕೂಡಲೇ ನಿಲ್ಲಿಸಿ, ಒತ್ತಿ ಹಿಡಿದು, ಐಸ್ ಇಟ್ಟು, ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆವು.

ಕೈ ಉಳಿಯಿತು. ಮೊಣಕೈಯಿಂದ ಭುಜದವರೆಗೆ ನೇರಳೆ, ಆಮೇಲೆ ಹಸಿರು, ಆಮೇಲೆ ಹಳದಿ. ಬಟ್ಟೆ ಹಿಡಿದು ಹೊಲಿಗೆ ಮಿಷಿನ್ನಿಗೆ ಒಡ್ಡುವ ಕೈ ಅದೇ. ಅಂಗಡಿ ಬಾಗಿಲು ಹಾಕಿತ್ತು. ಆಪರೇಷನ್ ಮಾಡಿದ ಸರ್ಜನ್ ಅದನ್ನು ನೋಡಿ, ಇನ್ನೊಂದು ಸಲ ಹೀಗಾದರೆ ಈ ಕೈಯನ್ನು ಮರೆತುಬಿಡಿ ಎಂದರಂತೆ.

ಹುಡುಗಿ ಅಳಲಿಲ್ಲ. ನನ್ನ ಮೇಜಿನ ಮುಂದೆ ನಿಂತು, "ನಾಳ ಎಲ್ಲಿ ಹೊಳ್ಳಿ ತಿರಗತೈತಿ ಅಂತ ನನಗ ಗೊತ್ತಿರ್ಲಿಲ್ರಿ ಸಿಸ್ಟರ್. ಯಾರೂ ಹೇಳ್ಲಿಲ್ರಿ. ಕೇಳಿದ್ರ ಅಲಾರಾಂ ನೋಡೋಗು ಅಂತಾರ," ಎಂದಳು. ಮರುದಿನ ಅಣ್ಣ ಮದುವೆಯ ಲಾಡು ಹಿಡಿದು ಬಂದರು. ವಿಷಯ ಕೇಳಿ ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದ್ದು: "ನಾನು ಹೇಳಿರ್ಲಿಲ್ವಾ ಸಿಸ್ಟರ್, ಎಲ್ರಿಗೂ ಬರಲ್ಲ ಇದು."

ಟ್ರಸ್ಟಿನ ಕಾರ್ಯದರ್ಶಿ ಒಳ್ಳೆಯವರು, ಆದರೆ ಎಲ್ಲದಕ್ಕೂ ಒಂದು ಯೋಜನೆ ಬೇಕು ಅವರಿಗೆ. ಮ್ಯಾನೇಜ್‌ಮೆಂಟ್ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕರೆಸಿದರು. ಬಿಳೇಕಹಳ್ಳಿ ಕಡೆಯಿಂದ ಬೈಕಿನಲ್ಲಿ ಬಂದ ಆ ಹುಡುಗರು ಮೂರು ದಿನ ನಮ್ಮ ಕಾಲಿಗೆ ಅಡ್ಡಡ್ಡ ಸಿಗುತ್ತ ಓಡಾಡಿ, ಎಲ್ಲರಿಗೂ ಒಂದು ಹಾಳೆ ಹಂಚಿದರು. 'ಕೆಲಸದ ಸ್ಥಳದಲ್ಲಿ ಜ್ಞಾನವನ್ನು ಹಂಚಿಕೊಳ್ಳಲು ನಿಮ್ಮನ್ನು ಪ್ರೇರೇಪಿಸುವುದು ಏನು?' ಎಂಬ ಪ್ರಶ್ನೆ. ಕೆಳಗೆ ಉತ್ತರಗಳು: ಬಹುಮಾನ, ಬಡ್ತಿ, ಸಹೋದ್ಯೋಗಿಗಳ ಗೌರವ, ಆತ್ಮತೃಪ್ತಿ. ಒಂದಕ್ಕೆ ಗುರುತು ಹಾಕಬೇಕು.

"ಅಣ್ಣ, ನೀವು ಯಾವ್ದು ಹಾಕ್ತೀರಾ?" ಎಂದು ಒಬ್ಬ ಹುಡುಗ ಕೇಳಿದ.

"ಆತ್ಮತೃಪ್ತಿ ಹಾಕ್ಕೊಳಪ್ಪ. ಕೇಳೋಕೆ ಚೆನ್ನಾಗಿದೆ."

ಕಿಟಕಿ ಪಕ್ಕದಿಂದ ಟೈಲರು ಕೂಗಿದರು: "ಗುರು, ನಮ್ಮನ್ನೂ ಕೇಳ್ರಪ್ಪ! ರಕ್ತ ಹಂಚ್ಕೋತಿರೋರು ನಾವು."

ಆ ಹುಡುಗರ ಸಲಹೆಯಂತೆ ಶನಿವಾರದ ತರಗತಿ ಶುರುವಾಯಿತು. ಚೆನ್ನಾಗಿ ಕಲಿಸಿದವರಿಗೆ ಒಂದು ಫಲಕ, ಗೋಡೆಯ ಮೇಲೆ ಫೋಟೋ. ಅಣ್ಣ ಮೊದಲ ತರಗತಿ ತೆಗೆದುಕೊಂಡರು. ವಿಷಯ, ಕೈ ತೊಳೆಯುವ ಕ್ರಮ. ಎರಡನೆಯದು, ಮಿಷಿನ್ನಿನ ಹೊರಮೈ ಒರೆಸುವುದು. ಅವರ ಫೋಟೋ ಗೋಡೆಗೇರಿತು. ಪರದೆ ಮೊದಲಿನಂತೆಯೇ ಮುಚ್ಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅವರನ್ನು ಮೂಲೆಯ ದರ್ಶಿನಿಗೆ ಕರೆದುಕೊಂಡು ಹೋದೆ. ನಿಂತು ಕಾಫಿ ಕುಡಿಯುವ ಜಾಗ. ಆಗಷ್ಟೇ ಬಂದ, ಹಬೆಯಾಡುತ್ತಿದ್ದ ಸ್ಟೀಲ್ ಲೋಟ. ನಾನು ಸೆರಗಿನ ತುದಿಯಲ್ಲಿ ಅಂಚು ಹಿಡಿದುಕೊಂಡೆ. ಅವರು ಲೋಟವನ್ನು ಅಂಗೈ ತುಂಬ ಹಿಡಿದು ಆರಾಮವಾಗಿ ನಿಂತಿದ್ದರು.

"ನೋಡಿ, ನನಗೆ ಸುತ್ತಿ ಬಳಸಿ ಮಾತಾಡಲು ಬರಲ್ಲ," ಎಂದೆ. "ಆ ಕೈಯ ದಾರಿ ಅವಳಿಗೆ ಯಾಕೆ ಹೇಳ್ತಿಲ್ಲ?"

"ಮುಂಚೆ ಒಂದು ಆಸ್ಪತ್ರೇಲಿ ಇದ್ದೆ ಸಿಸ್ಟರ್. ಇಬ್ರು ಹುಡುಗ್ರಿಗೆ ಕಲಿಸಿದೆ. ಮನೆಗ್ ಕರ್ಕೊಂಡ್ ಹೋಗಿ ಊಟ ಹಾಕಿ ಕಲಿಸಿದೆ. ಅವರು ಕಲಿತ್ರು. ನನ್ನ ಕಾಂಟ್ರಾಕ್ಟ್ ನಿಲ್ಲಿಸಿದ್ರು. ಒಬ್ರ ಸಂಬಳಕ್ಕೆ ಇಬ್ರು ಸಿಗ್ತಾರಲ್ಲ, ತಪ್ಪೇನು ಅವ್ರದ್ದು?"

"ಇಲ್ಲಿ ಹಾಗಾಗಲ್ಲ."

"ಬರ್ದುಕೊಡ್ತೀರಾ?"

ಇಲ್ಲೂ ಟೆಕ್ನೀಷಿಯನ್‌ಗಳದ್ದು ವರ್ಷದ ಒಪ್ಪಂದವೇ. ಬರೆದುಕೊಡುವ ಅಧಿಕಾರ ನನಗಿಲ್ಲ. ಕೊಡಲಾಗದ ಮಾತನ್ನು ಕೊಡುವ ಅಭ್ಯಾಸ ನನಗಿಲ್ಲ.

ಅವರೇ ಮಾತು ಮುಂದುವರಿಸಿದರು. ಅವರ ತಾಯಿ ಜರಗನಹಳ್ಳಿಯಲ್ಲಿ ಕಾಮಾಲೆಗೆ ಮದ್ದು ಕೊಡುತ್ತಿದ್ದರಂತೆ. ಸೂರ್ಯ ಹುಟ್ಟುವ ಮುಂಚೆ ಎದ್ದು, ಯಾರ ಕಣ್ಣಿಗೂ ಬೀಳದೆ ಸೊಪ್ಪು ತಂದು, ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಹೆತ್ತ ಮಗನಿಗೂ ಯಾವ ಸೊಪ್ಪೆಂದು ಹೇಳಿರಲಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ.

"ಊರೆಲ್ಲ ಕೈ ಮುಗೀತಿತ್ತು ನಮ್ಮಮ್ಮಂಗೆ," ಎಂದರು. "ಕೈಗುಣ ಅಂದ್ರೆ ಅದು."

"ಅವರು ಹೋದ ಮೇಲೆ?"

"ಹೋದ್ರು, ಅಷ್ಟೇ." ಲೋಟ ಕೆಳಗಿಟ್ಟರು. "ಹೋದ್ಮೇಲೂ ಜನ ಬರ್ತಿದ್ರು. ಬಾಗಿಲಲ್ಲಿ ನಿಂತು ಗೊತ್ತಿಲ್ಲ ಅಂತ ಹೇಳೋ ಕೆಲಸ ನಂದಾಯ್ತು."

ಅಂದು ನಾನು ಮನೆಗೆ ಹೋಗುವ ಬಸ್ಸಿನಲ್ಲಿ ಇಷ್ಟನ್ನು ಮಾತ್ರ ತೀರ್ಮಾನಿಸಿಕೊಂಡೆ: ಈ ಮನುಷ್ಯ ತಮ್ಮ ಅನ್ನವನ್ನು ಪರದೆಯ ಹಿಂದೆ ಇಟ್ಟುಕೊಂಡಿದ್ದಾರೆ. ಪರದೆಯ ಹಿಂದೆ ಇನ್ನೇನೋ ಇರಬಹುದೆಂದು ತೋಚಲಿಲ್ಲ.

ಅದು ತಿಳಿದದ್ದು ಕೆಲವು ದಿನಗಳ ನಂತರ, ಸುಮ್ಮನೆ ನಡೆದುಹೋದ ಒಂದು ಸಂಗತಿಯಿಂದ. ಕಿಟಕಿಯ ಚಿಲಕ ಸಡಿಲವಾಗಿ ಗಾಳಿಗೆ ಬಡಿಯುತ್ತಿತ್ತು. ಅದನ್ನು ಹಾಕಲೆಂದು ನಾನು ಪರದೆಯ ಪಕ್ಕದಿಂದ ಗೋಡೆಗೆ ಅಂಟಿಕೊಂಡು ಹೋದೆ. ಒಳಗೆ ಸೂಜಿ ಹಾಕುವ ಹೊತ್ತು. ಅವರಿಬ್ಬರ ಗಮನ ನನ್ನ ಕಡೆ ಇರಲಿಲ್ಲ.

ಟೈಲರ ದನಿ ತೀರ ಮೆಲ್ಲಗೆ ಕೇಳಿತು. "ಇನ್ನೊಂಚೂರು ನಿಮ್ಮ ಕಡೆಗೆ, ಅಣ್ಣ... ಹಾಂ... ಈಗ ಓರೆ ಮಾಡಿ... ಸಾಕು, ಸಾಕು, ಇನ್ನು ಒಳಕ್ಕೆ."

ಅಣ್ಣ ತೋಳನ್ನು ನೋಡುತ್ತಿರಲಿಲ್ಲ. ಟೈಲರ ಮುಖ ನೋಡುತ್ತಿದ್ದರು. ಕುರುಡನೊಬ್ಬ ಕೈಹಿಡಿದವನ ಮುಖದ ಕಡೆಗೆ ಕಿವಿ ತಿರುಗಿಸುವಂತೆ.

ನಾನು ಚಿಲಕ ಹಾಕಿ ಹೊರಬಂದೆ. ಆಗ ಆ ಕಾಫಿ ಲೋಟ ನೆನಪಾಯಿತು. ಹಬೆಯಾಡುವ ಸ್ಟೀಲನ್ನು ಅಂಗೈ ತುಂಬ ಹಿಡಿದಿದ್ದು ಗಟ್ಟಿತನವಾಗಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಸಕ್ಕರೆ ಹಳೆಯದಾದಂತೆ ಬೆರಳ ತುದಿಯ ಸ್ಪರ್ಶ ಹೋಗುತ್ತದೆ ಎಂದು ನಾನು ಎಷ್ಟೋ ಬ್ಯಾಚಿನ ವಿದ್ಯಾರ್ಥಿನಿಯರಿಗೆ ಪಾಠ ಹೇಳಿದ್ದೇನೆ. ಬೇರೆ ಪೇಷೆಂಟುಗಳ ನಾಳ ಕಣ್ಣಿಗೆ ಕಾಣುತ್ತದೆ, ಕಣ್ಣಿನಿಂದಲೇ ನಿಭಾಯಿಸುತ್ತಿದ್ದರು. ಕಾಣದ ನಾಳ ಇದ್ದದ್ದು ಟೈಲರಿಗೆ ಮಾತ್ರ. ಅಲ್ಲಿ ಪರದೆ ಬೇಕಾಗಿತ್ತು. ವಿದ್ಯೆಯನ್ನು ಬಚ್ಚಿಡಲು ಅಲ್ಲ, ವಿದ್ಯೆ ಕೈಬಿಟ್ಟದ್ದನ್ನು ಬಚ್ಚಿಡಲು.

ಡಯಾಲಿಸಿಸ್ ಮುಗಿದು ಸೂಜಿ ತೆಗೆದ ಮೇಲೆ ಪೇಷೆಂಟು ಆ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದು ಕೂರಬೇಕು. ಟೈಲರು ಹಾಗೆ ಕೂತಿದ್ದಾಗ ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತೆ.

"ಎಷ್ಟು ದಿನದಿಂದ ನೀವು ದಾರಿ ಹೇಳ್ತಿದ್ದೀರಿ?"

ಅವರ ಮುಖದ ತಮಾಷೆ ಇಳಿಯಿತು. "ಯಾರು ಹೇಳಿದ್ರು?"

"ನಾನೇ ಕೇಳಿಸಿಕೊಂಡೆ."

"ವರ್ಷದ ಮೇಲಾಯ್ತು ಸಿಸ್ಟರ್. ಒಂದಿನ ಅಣ್ಣ ಬೆರಳಿಟ್ಟು ಹುಡುಕ್ತಾನೇ ಇದ್ರು, ಸಿಗ್ಲೇ ಇಲ್ಲ. ಬೆವರ್ತಿದ್ರು. ನಾನೇ ಅಂದೆ, ಇಲ್ಲಿ ಅಣ್ಣ ಅಂತ. ನನ್ ಕೈ ಅಲ್ವಾ, ಒಳಗೆ ಸೂಜಿ ಎಲ್ಲಿ ಹೋಗ್ತಿದೆ ಅಂತ ನಂಗೆ ಗೊತ್ತಾಗುತ್ತೆ." ಸುತ್ತ ನೋಡಿ ದನಿ ತಗ್ಗಿಸಿದರು. "ಯಾರ್ಗೂ ಹೇಳ್ಬೇಡಿ. ಕಾಲಿಗ್ ಬೀಳ್ತೀನಿ."

ನನ್ನೊಳಗೆ ಇನ್ನೊಂದು ಪ್ರಶ್ನೆ ಕೂತಿತ್ತು. ಅದನ್ನು ಕೇಳದೆ ಏಳುವಂತಿರಲಿಲ್ಲ. "ಹಾಗಾದರೆ ಅವತ್ತು ಆ ಹುಡುಗಿ ಸೂಜಿ ಹಾಕುವಾಗ ಅವಳಿಗೆ ಯಾಕೆ ಹೇಳಲಿಲ್ಲ? ತಪ್ಪು ಹೋಗ್ತಿದೆ ಅಂತ ನಿಮಗೆ ಗೊತ್ತಾಗಿರಬೇಕಲ್ಲ."

"ಗೊತ್ತಾಯ್ತು."

"ಮತ್ತೆ?"

ಅವರು ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದರು. "ಅವಳಿಗೆ ಹೇಳಿದ್ರೆ ಅವಳಿಗೂ ಬಂದ್ಬಿಡ್ತಿತ್ತು. ಆಮೇಲೆ ಅಣ್ಣ ಯಾಕೆ ಬೇಕು ನಿಮ್ ಟ್ರಸ್ಟ್‌ಗೆ? ಆ ಮನುಷ್ಯ ನನ್ನ ಇಷ್ಟು ವರ್ಷ ಉಳಿಸಿದಾರೆ ಸಿಸ್ಟರ್. ಅವರನ್ನ ಕೆಲಸದಿಂದ ತೆಗೆಸೋಕೆ ನಂಗೆ ಬಾಯಿ ಬರ್ಲಿಲ್ಲ."

ತಲೆ ಆಚೆ ತಿರುಗಿಸಿ ಮಲಗಿದ್ದ ಆ ದಿನದ ಅವರ ಮೌನವನ್ನು ನಾನು ಭಯವೆಂದು ತಿಳಿದಿದ್ದೆ. ಉಳಿದಿದ್ದ ಒಂದೇ ಒಂದು ಕೈಯನ್ನು, ಇನ್ನೊಬ್ಬರ ಕೆಲಸ ಉಳಿಸಲು, ಬಾಯಿ ಮುಚ್ಚಿಕೊಂಡು ಒಡ್ಡಿದ್ದರು.

ಆದರೆ ಮುಂದೇನು ಮಾಡಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬೆರಳಿಗೆ ಸ್ಪರ್ಶವಿಲ್ಲದವರು ಸೂಜಿ ಹಿಡಿಯಬಾರದು. ಸಾಮಾನು ಇಡುವ ಕೋಣೆಗೆ ಅಣ್ಣನನ್ನು ಕರೆದೆ. ಬಾಗಿಲು ಅರ್ಧ ಮುಚ್ಚಿ, ನೋಡಿದ್ದನ್ನು ಹೇಳಿದೆ.

ಅವರು ಅಲ್ಲವೆನ್ನಲಿಲ್ಲ. ತಮ್ಮ ಬಲಗೈಯನ್ನು ಎತ್ತಿ, ಬೇರೆಯವರ ಸಾಮಾನಿನ ಹಾಗೆ ನೋಡಿಕೊಂಡರು. "ಒಂದಿನ ಚಪಾತಿ ಹೆಂಚು ಹಿಡ್ಕೊಂಬಿಟ್ಟೆ ಸಿಸ್ಟರ್. ವಾಸನೆ ಬಂದ್ಮೇಲೆ ಗೊತ್ತಾಯ್ತು."

"ಇವತ್ತಿನಿಂದ ನೀವು ಯಾರಿಗೂ ಸೂಜಿ ಹಾಕುವಂತಿಲ್ಲ. ಸಾಯಂಕಾಲ ಡಾಕ್ಟರಿಗೆ ಹೇಳ್ತೀನಿ. ನಿಮ್ಮ ನರಗಳ ಪರೀಕ್ಷೆ ಆಗಬೇಕು."

"ನನ್ ಕೆಲಸ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ ನಾನು. ನಾಡಿದ್ದು ಟೈಲರು ಬರ್ತಾರೆ. ಅವಳೇ ಹಾಕಬೇಕು. ಬೇರೆ ಯಾರೂ ಇಲ್ಲ."

"ನಾನ್ ಬರದೇ ಇದ್ರೆ?"

"ಬರಲೇಬೇಕು ಅಂತ ನಿಮ್ಮನ್ನ ಕಟ್ಟಿಹಾಕೋ ನಿಯಮ ಯಾವುದೂ ಇಲ್ಲ ನನ್ನ ಹತ್ರ," ಎಂದೆ. ನಿಜವಾಗಿಯೂ ಇರಲಿಲ್ಲ. ಇಡೀ ಆಯುಷ್ಯ ನಿಯಮ ಹೇಳಿಕೊಂಡು ಬಂದವಳಿಗೆ ಅದು ಹೊಸ ಸ್ಥಿತಿ. ಅವರು ಸಮವಸ್ತ್ರದ ಮೇಲಂಗಿ ಕಳಚಿ, ಮಡಚಿ, ಕಪಾಟಿನ ಮೇಲಿಟ್ಟು ಹೊರಟುಹೋದರು. ಡಾಕ್ಟರಿಗೆ ಹೇಳಿದೆ. ಮರುದಿನ ಅಣ್ಣ ಬರಲಿಲ್ಲ. ಫೋನ್ ತೆಗೆಯಲಿಲ್ಲ.

ಆ ಮರುದಿನ ಬೆಳಿಗ್ಗೆ ಟೈಲರು ಬಂದು ತೂಕ ನೋಡಿಸಿಕೊಂಡು ಮಂಚವೇರಿದರು. ಮೈ ನೀರು ತುಂಬಿ ಭಾರವಾಗಿತ್ತು, ಮಾತಾಡುವಾಗ ಉಸಿರು ಹಿಡಿಯುತ್ತಿತ್ತು.

"ಅಣ್ಣ ಇದಾರಾ?"

"ಇಲ್ಲ. ಇವತ್ತು ಇವಳು ಹಾಕ್ತಾಳೆ. ಡಾಕ್ಟರೂ ಇರ್ತಾರೆ."

"ಅಣ್ಣ ಬರ್ದೆ ಕೈ ಕೊಡಲ್ಲ ಸಿಸ್ಟರ್." ಎಡಗೈಯನ್ನು ಎದೆಗೆ ಅವುಚಿಕೊಂಡರು. ಅಂಗಡಿ ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ನಿಮ್ಮ ಕೈ ನಿಮಗೆ ಗೊತ್ತಲ್ಲ. ನೀವೇ ಹೇಳಿ ಅವಳಿಗೆ."

"ಹೇಳಲ್ಲ."

ಹುಡುಗಿ ಟ್ರೇ ಹಿಡಿದುಕೊಂಡು ನಿಂತಿದ್ದಳು. ಬೇರೆ ಮಂಚಗಳಲ್ಲಿ ಮಿಷಿನ್ನುಗಳು ಶುರುವಾಗಿದ್ದವು. ಇದೊಂದು ಮಾತ್ರ ಖಾಲಿ ತಿರುಗುತ್ತಿತ್ತು. ಕಾದೆವು. ಡಾಕ್ಟರು ಒಮ್ಮೆ ಬಂದು ನೋಡಿ, ಕುತ್ತಿಗೆಗೆ ನಳಿಗೆ ಹಾಕುವ ಆಸ್ಪತ್ರೆಗೆ ಫೋನ್ ಮಾಡಲೇ ಎಂದು ಕೇಳಿದರು.

ಆಗ ಅಣ್ಣ ಬಂದರು. ಸಮವಸ್ತ್ರವಿಲ್ಲ, ಮನೆಯಲ್ಲಿ ಹಾಕುವ ಚೌಕಳಿ ಅಂಗಿ. ಯಾರನ್ನೂ ನೋಡದೆ ನೇರ ಸಿಂಕಿನ ಬಳಿ ಹೋಗಿ ಕೈ ತೊಳೆದರು. ಶನಿವಾರದ ತರಗತಿಯಲ್ಲಿ ಕಲಿಸಿದ್ದ ಕ್ರಮದಲ್ಲೇ, ಮೊಣಕೈವರೆಗೆ. ಆಮೇಲೆ ಕಿಟಕಿ ಪಕ್ಕಕ್ಕೆ ಬಂದು ನಿಂತರು. ಅವರ ಕೈ ಅಭ್ಯಾಸಬಲದಿಂದ ಪರದೆಯ ಅಂಚಿಗೆ ಹೋಯಿತು. ಅಲ್ಲಿಯೇ ಸ್ವಲ್ಪ ಹೊತ್ತು ಇತ್ತು. ಎಳೆಯಲಿಲ್ಲ.

"ಬಾಮ್ಮ ಇಲ್ಲಿ," ಎಂದರು. ಇಡೀ ಹಾಲಿಗೆ ಕೇಳುವ ದನಿ. "ನನ್ ಬೆರಳಿಗೆ ಏನೂ ಗೊತ್ತಾಗಲ್ಲ. ಒಂದ್ ವರ್ಷದ ಮೇಲಾಯ್ತು. ನಿಂಗೆ ಸಿಕ್ಕಿದ್ದು ನಂಗೆ ಹೇಳ್ಬೇಕು, ನಾನ್ ದಾರಿ ಹೇಳ್ತೀನಿ. ಸರಿನಾ?"

ಅತ್ತಿತ್ತಲಿನ ಮಂಚಗಳವರು ತಲೆ ಎತ್ತಿ ನೋಡಿದರು.

"ಅಣ್ಣ, ಏನ್ ಮಾಡ್ತಿದೀರ ನೀವು," ಎಂದರು ಟೈಲರು.

"ಸುಮ್ನೆ ಕೈ ಕೊಡೋ ಮಾರಾಯ. ನಿಂಗೇನು, ಶರ್ಟ್ ಅಳತೆ ತಗೋತೀನಾ?"

ಟೈಲರು ಕೈ ಚಾಚಿದರು.

"ಕಣ್ ಮುಚ್ಕೋ," ಎಂದರು ಅಣ್ಣ ಹುಡುಗಿಗೆ.

"ಕಣ್ ಮುಚ್ಚಿ ಸೂಜಿ ಹೆಂಗ್ ಹಾಕ್ಲಿರಿ ಸರ?"

"ಸೂಜಿ ಆಮೇಲೆ. ಮುಟ್ಟೋವಾಗ ಮುಚ್ಕೋ. ಕಣ್ಣು ಬಿಟ್ರೆ ಚರ್ಮ ನೋಡ್ತೀಯ, ಮೋಸ ಹೋಗ್ತೀಯ. ಏನ್ ಸಿಗ್ತಿದೆ?"

"ಜುಮ್ ಜುಮ್ ಅನ್ನಾಕತ್ತೈತ್ರಿ."

"ಮೇಲಕ್ ಹೋಗು. ಎಲ್ಲಿ ನಿಲ್ಲುತ್ತೆ?"

"ಇಲ್ಲಿ... ಇಲ್ಲಿ ನಿಂತ್ ಬಿಡತೈತ್ರಿ."

"ನಿಲ್ಲಲ್ಲ ಅದು. ಅಲ್ಲಿ ಒಳಕ್ಕೆ ಇಳ್ದು ಎದೆ ಕಡೆ ತಿರುಗುತ್ತೆ. ನೀನ್ ಅವತ್ತು ನೇರ ಹೋದೆ. ಬೆರಳು ಪಕ್ಕಕ್ಕೆ ಇಟ್ಟು ಒತ್ತು. ಗಟ್ಟಿಯಾಗಿ ಒತ್ಬೇಡ, ಹಾಲಿನ್ ಕೆನೆ ಮುಟ್ದಂಗೆ."

"ಸಿಕ್ತರಿ ಸರ! ಸಣ್ಣಗ ಐತ್ರಿ, ಆದ್ರ ಐತ್ರಿ."

"ಬಗಲಿನ ಕಟಿಂಗ್ ಇದ್ದಂಗಮ್ಮ," ಎಂದರು ಟೈಲರು, ಮೊದಲ ಸಲ ಅವಳ ಕಡೆ ಮುಖ ತಿರುಗಿಸಿ. "ಅಲ್ಲಿ ನೇರ ಕತ್ತರಿ ಹಾಕಿದ್ರೆ ಶರ್ಟೇ ಹೋಯ್ತು. ಬಳಸಿ ಹೋಗ್ಬೇಕು. ಚಾಕ್ ತಂದಿದ್ರೆ ಗೆರೆ ಎಳ್ದು ಕೊಡ್ತಿದ್ದೆ."

ಸೂಜಿ ಒಳಹೋಗುವಾಗ ಮೂರು ದನಿಗಳು ಒಂದರ ಮೇಲೊಂದು ಬಿದ್ದವು. ನಂಗೆ ಓರೆ ಅನ್ನಿಸ್ತಿದೆ, ಓರೆ ಬೇಕು, ಹೌದ್ರಿ, ಈಗ ಸಾಕು. ಎರಡನೆಯದಕ್ಕೂ ಹಾಗೆಯೇ. ನಳಿಗೆಯಲ್ಲಿ ಕೆಂಪು ಏರಿತು. ತೋಳು ಊದಲಿಲ್ಲ. ಮಿಷಿನ್ನಿನ ಸದ್ದು ಬೇರೆ ಮಿಷಿನ್ನುಗಳ ಸದ್ದಿನೊಳಗೆ ಸೇರಿಕೊಂಡಿತು. ಹುಡುಗಿ ಟೇಪು ಅಂಟಿಸುವಾಗ ಅಣ್ಣ ಆಗಲೇ ತಿರುಗಿ ಹೊರಟಿದ್ದರು.

ಅವರು ಯಾಕೆ ಬಂದರೆಂದು ನಾನು ಕೇಳಿಲ್ಲ. ಫಲಕಕ್ಕಂತೂ ಅಲ್ಲ. ಕೆಲಸ ಉಳಿಯುತ್ತದೆ ಎಂಬ ಭರವಸೆಗೂ ಅಲ್ಲ, ಅದನ್ನು ನಾನು ಕೊಟ್ಟಿರಲಿಲ್ಲ. ಬಹುಶಃ ಟೈಲರು ತಮ್ಮ ಕೈಯನ್ನು ಯಾಕೆ ಒಡ್ಡಿದ್ದರೆಂದು ಅವರಿಗೂ ಹೊಳೆದಿರಬಹುದು. ಅಥವಾ ತಾಯಿ ಹೋದ ಮೇಲೆ ತಾವು ಹೇಳಿದಂತೆ, ಸಿದ್ದಾಪುರದಿಂದ ಬಂದ ಟೈಲರಿಗೆ ಬಾಗಿಲಲ್ಲಿ ನಿಂತು ಗೊತ್ತಿಲ್ಲ ಎಂದು ಹೇಳಬೇಕಾದ ಸರದಿ ಈಗ ಯಾರದು ಎಂದು ಯೋಚಿಸಿರಬಹುದು. ಇದು ನನ್ನ ಊಹೆ.

ಪರೀಕ್ಷೆಯಲ್ಲಿ ನರಗಳ ತೊಂದರೆ ಖಚಿತವಾಯಿತು. ಟ್ರಸ್ಟು ಅವರನ್ನು ಸದ್ಯಕ್ಕೆ ನೀರು ಶುದ್ಧೀಕರಿಸುವ ಘಟಕಕ್ಕೆ ಹಾಕಿದೆ. ಕಟ್ಟಡದ ಹಿಂದೆ, ಶೀಟಿನ ಕೆಳಗೆ, ಟ್ಯಾಂಕು ಪಂಪುಗಳ ನಡುವೆ ಅವರ ಕುರ್ಚಿ. ಒಪ್ಪಂದ ಮುಗಿಯುವ ಕಾಲ ಬರುತ್ತಿದೆ. ಅವರನ್ನು ಕಲಿಸಲಿಕ್ಕೆಂದೇ ಇಟ್ಟುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳಿದೆ. "ಈಗ ಎಲ್ರಿಗೂ ಬರುತ್ತಲ್ಲ ಮೇಡಂ," ಎಂದರು ಅವರು, ಮೃದುವಾಗಿಯೇ. ಮತ್ತೆ ಹೇಳಿದೆ. ನೋಡೋಣ ಎಂದಿದ್ದಾರೆ. ಆ ವಿದ್ಯಾರ್ಥಿಗಳ ವರದಿಯೂ ಬಂದಿದೆ. ನಮ್ಮ ಸಿಬ್ಬಂದಿಯ ಮುಖ್ಯ ಪ್ರೇರಣೆ ಆತ್ಮತೃಪ್ತಿ ಎಂದು ಅದರಲ್ಲಿದೆ.

ಹುಡುಗಿ ಈಗ ಆ ಕೈಯನ್ನು ಚೆನ್ನಾಗಿ ಬಲ್ಲಳು. ಇನ್ನೊಬ್ಬ ಟೆಕ್ನೀಷಿಯನ್‌ಗೂ ತೋರಿಸಿಕೊಟ್ಟಿದ್ದಾಳೆ. ತೋರಿಸುವ ಮುಂಚೆ ನನ್ನ ಬಳಿ ಬಂದು, "ನಂದೂ ವರ್ಷದ ಕಾಂಟ್ರಾಕ್ಟ್ ಅಲ್ರೀ ಸಿಸ್ಟರ್?" ಎಂದು ಕೇಳಿದಳು. ಹೌದು ಎಂದೆ. ಹೋಗಿ ತೋರಿಸಿದಳು. ಟೈಲರ ಅಂಗಡಿ ತೆರೆದಿದೆ. ನನ್ನ ಅಳಿಯನ ಎರಡು ಅಂಗಿ ಅಲ್ಲೇ ಹೊಲಿಸಿದೆ.

ಟೈಲರು ಮಾತ್ರ ಒಂದು ಪದ್ಧತಿ ಬಿಟ್ಟಿಲ್ಲ. ಮಂಚವೇರಿದ ಮೇಲೆ, ತೋಳು ಚಾಚುವ ಮುಂಚೆ, ನನ್ನನ್ನು ಕೇಳುತ್ತಾರೆ.

"ಅಣ್ಣ ಇದಾರಾ?"

ನಾನು ಕಿಟಕಿಯ ಹೊರಗೆ, ಟ್ಯಾಂಕುಗಳ ಕಡೆ ನೋಡುತ್ತೇನೆ. ಕುರ್ಚಿಯಲ್ಲಿ ಚೌಕಳಿ ಅಂಗಿ ಕಂಡ ಮೇಲೆ, "ಇದಾರೆ" ಎನ್ನುತ್ತೇನೆ. ಆಮೇಲೆ ಅವರು ಕೈ ಕೊಡುತ್ತಾರೆ. ಕುರ್ಚಿ ಖಾಲಿಯಾದ ದಿನ ಏನೆಂದು ಉತ್ತರಿಸುವುದು ಎಂದು ಬಸ್ಸಿನಲ್ಲಿ ದಿನವೂ ಯೋಚಿಸುತ್ತೇನೆ. ಇನ್ನೂ ಸರಿಯಾದ ವಾಕ್ಯ ಸಿಕ್ಕಿಲ್ಲ.